ಟಿಕೆಟ್ ಇಲ್ಲದ ಶಿಲ್ಪವನ: ಬಳ್ಳಾರಿಯ ಹಿರೇಗುಡ್ಡವನ್ನು ಕಾಯೋರು ಯಾರು?

ಬಳ್ಳಾರಿ ಬೇಸಿಗೆ ಅಂದ್ರೆ ಬೆಳಗ್ಗೆ ಹತ್ತಕ್ಕೇ ಬಂಡೆ ಕಾದ ಹೆಂಚು. ಈ ಬಿಸಿಲಲ್ಲಿ ಗುಡ್ಡ ಹತ್ತಿ ಅಂದರೆ ಯಾರಾದರೂ ನಕ್ಕಾರು. ಆದರೂ ಏಪ್ರಿಲ್, ಮೇ ರಜೆಯಲ್ಲಿ ಒಂದು ದಿನ ಸೂರ್ಯ ಹುಟ್ಟುವ ಹೊತ್ತಿಗೆ ಹೋಗಿ ನೋಡಲೇಬೇಕಾದ ಜಾಗ ಒಂದಿದೆ. ನಗರದ ಈಶಾನ್ಯಕ್ಕೆ ಕೆಲವೇ ಕಿಲೋಮೀಟರ್ ದೂರದ ಸಂಗನಕಲ್ಲು-ಕುಪ್ಪಗಲ್ಲು ಗುಡ್ಡಗಳು. ಅದರಲ್ಲೂ ಹಿರೇಗುಡ್ಡ.

ಶಿಲ್ಪವನ ಅಂದ ಕೂಡಲೇ ನಮ್ಮ ತಲೆಗೆ ಬರೋದು ಸಿಮೆಂಟಿನ ಎತ್ತು, ಗೇಟು, ಟಿಕೆಟ್ ಕೌಂಟರ್. ಇಲ್ಲಿ ಅದ್ಯಾವುದೂ ಇಲ್ಲ. ಗ್ರಾನೈಟ್ ಗುಡ್ಡದ ನಡುವೆ ಕಪ್ಪು ಡೋಲರೈಟ್ ಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಆ ಬಂಡೆಗಳ ಮೇಲೆ ಕಲ್ಲಿನಿಂದಲೇ ಕುಟ್ಟಿ ಕುಟ್ಟಿ ಮೂಡಿಸಿದ ಚಿತ್ರಗಳಿವೆ. ಉದ್ದ ಕೊಂಬಿನ ದನಗಳು, ಜೊತೆಗೆ ಮನುಷ್ಯರು. ಇವುಗಳಲ್ಲಿ ಹಲವು ಸಾವಿರಾರು ವರ್ಷ ಹಿಂದಿನ ನವಶಿಲಾಯುಗದವು. ಕೆಲವು ಎಂಥ ಎತ್ತರದಲ್ಲಿವೆ ಅಂದರೆ, ಬಿಡಿಸಿದವರು ಹೇಗೆ ನಿಂತರೋ ಅಂತ ಅಚ್ಚರಿಯಾಗುತ್ತದೆ. ಎಳೆಬಿಸಿಲು ಓರೆಯಾಗಿ ಬಿದ್ದಾಗ ಗೆರೆಗಳು ಎದ್ದು ಕಾಣುತ್ತವೆ, ನಡುಮಧ್ಯಾಹ್ನ ಮಾಯವಾಗುತ್ತವೆ. ಬೆಳಗ್ಗೆಯೇ ಹೋಗಬೇಕು ಅನ್ನೋದು ಬಿಸಿಲಿಗೆ ಹೆದರಿ ಮಾತ್ರ ಅಲ್ಲ.

ಇನ್ನೊಂದು ಸೋಜಿಗ, ಹಾಡುವ ಕಲ್ಲುಗಳು. ಕೆಲವು ಬಂಡೆಗಳಲ್ಲಿ ಪುಟ್ಟ ಬಟ್ಟಲಿನಂಥ ಗುಳಿಗಳಿವೆ. ಅಲ್ಲಿ ಕಲ್ಲಿನಿಂದ ತಟ್ಟಿದರೆ ಜಾಗಟೆಯಂಥ ನಾದ ಬರುತ್ತದೆ. (ನೀವು ತಟ್ಟಲು ಹೋಗಬೇಡಿ. ಹೋದವರೆಲ್ಲ ತಟ್ಟಿದರೆ ಕಲ್ಲು ಉಳಿಯಲ್ಲ.)

ಇದನ್ನು ಮಾಡಿದವರು ರಾಜರಲ್ಲ. ದನ ಕಾಯುತ್ತಿದ್ದ, ಹುರುಳಿ-ಹೆಸರು-ಕೊರಲೆ ಬೆಳೆಯುತ್ತಿದ್ದ, ಇದೇ ಡೋಲರೈಟ್‌ನಿಂದ ಕೊಡಲಿ ಮಾಡುತ್ತಿದ್ದ ಜನ. ರಾಬರ್ಟ್ ಬ್ರೂಸ್ ಫೂಟ್ 1872ರಲ್ಲೇ ಈ ನೆಲೆಯನ್ನು ಗುರುತಿಸಿದ್ದರು. 1940ರ ದಶಕದಲ್ಲಿ ಬಿ. ಸುಬ್ಬರಾವ್ ಉತ್ಖನನ ಮಾಡಿದರು. 2000ರ ನಂತರ ರವಿ ಕೋರಿಶೆಟ್ಟರ್, ನಿಕೋಲ್ ಬೋವಿನ್, ಡೋರಿಯನ್ ಫುಲ್ಲರ್ ಮತ್ತೆ ಬಂದರು. ಗುಡ್ಡದಲ್ಲಿ ಕಲ್ಲು ಗಣಿಗಾರಿಕೆ ನಡೆದು ನೆಲೆ ಹಾಳಾಗುತ್ತಿರುವುದನ್ನೂ ಅವರು ದಾಖಲಿಸಿದರು. ಇಲ್ಲಿ ಸಿಕ್ಕ ವಸ್ತುಗಳನ್ನು ನೋಡಬೇಕಾದರೆ ನಗರದಲ್ಲಿ ಫೂಟ್ ಹೆಸರಿನ ವಸ್ತುಸಂಗ್ರಹಾಲಯವೇ ಇದೆ. ಆದರೆ ಕೊಡಲಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದು, ಗುಡ್ಡವನ್ನು ಇಡಲಾಗದು.

ಹಾಗಾದರೆ ಕಾನೂನು ಏನು ಹೇಳುತ್ತೆ? ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ 1958ರ ಕಾಯ್ದೆ ಇದೆ. ಅದರ ಪ್ರಕಾರ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ರಾಜ್ಯಕ್ಕೂ 1961ರ ತನ್ನದೇ ಕಾಯ್ದೆ ಇದೆ. ಆದರೆ ಈ ರಕ್ಷಣೆ ಸಿಗೋದು ಪಟ್ಟಿಗೆ ಸೇರಿದ ಜಾಗಕ್ಕೆ, ಅದೂ ಅಧಿಸೂಚನೆಯಲ್ಲಿ ಬರೆದ ಗಡಿಯ ಲೆಕ್ಕದಲ್ಲಿ. ದೇವಸ್ಥಾನಕ್ಕೆ ಗೋಡೆ ಇದೆ, ಗಡಿ ಹಾಕುವುದು ಸುಲಭ. ಚಿತ್ರ ಇರುವ ಬಂಡೆ, ಪಕ್ಕದ ಬೂದಿದಿಬ್ಬ, ಕೊಡಲಿ ತಯಾರಿಸಿದ ಜಾಗ ಎಲ್ಲ ಸೇರಿಯೇ ಒಂದು ನೆಲೆ ಆಗಿರುವಾಗ ಗಡಿ ಎಲ್ಲಿ ಎಳೀತೀರಿ? ಸರ್ವೆ ನಂಬರಿನ ಒಂದು ಗೆರೆ ಆಚೀಚೆ ಆದರೆ ಸಾಕು, ಚಿತ್ರ ಜಲ್ಲಿಯಾಗುತ್ತದೆ.

ಜಲ್ಲಿ ಒಡೆಯುವ ಕೂಲಿಕಾರ ಇಲ್ಲಿ ಶತ್ರುವಲ್ಲ. ಅವನಿಗೂ ಹೊಟ್ಟೆ ಇದೆ. ಯಾವ ಗುಡ್ಡ ಒಡೆಯಬಹುದು, ಯಾವುದನ್ನು ಮುಟ್ಟಬಾರದು ಅಂತ ತೀರ್ಮಾನಿಸುವ ಹೊಣೆ ಗುತ್ತಿಗೆಗೆ ಸಹಿ ಹಾಕುವವರದ್ದು. ಸಂವಿಧಾನದ 51ಎ(ಎಫ್) ವಿಧಿ ನಮ್ಮ ಪರಂಪರೆಯನ್ನು ಕಾಪಾಡುವುದು ನಾಗರಿಕರ ಕರ್ತವ್ಯ ಅನ್ನುತ್ತದೆ. ಕರ್ತವ್ಯ ನಮ್ಮದಾದರೆ ಕೇಳುವ ಹಕ್ಕೂ ನಮ್ಮದೇ. ಗುಡ್ಡದ ಸರ್ವೆ ನಂಬರುಗಳು ಯಾವುವು, ಸಂರಕ್ಷಿತ ಗಡಿ ಎಲ್ಲಿಯವರೆಗೆ, ಸುತ್ತ ಯಾರಿಗೆ ಗಣಿ ಗುತ್ತಿಗೆ ಕೊಡಲಾಗಿದೆ? ಹತ್ತು ರೂಪಾಯಿಯ ಆರ್‌ಟಿಐ ಅರ್ಜಿಯಲ್ಲಿ ಈ ಮೂರೂ ಪ್ರಶ್ನೆ ಹಿಡಿಸುತ್ತವೆ.

ಈ ಬೇಸಿಗೆಗೆ ಎರಡು ಬಾಟಲಿ ನೀರು, ಟೋಪಿ, ಗಟ್ಟಿ ಚಪ್ಪಲಿ ಜೊತೆಗಿರಲಿ. ದಾರಿ ಗೊತ್ತಿರುವ ಊರಿನವರನ್ನೂ ಕರೆದುಕೊಂಡು ಹೋಗಿ. ಬಂಡೆ ಮೇಲೆ ಹೆಸರು ಕೆತ್ತಬೇಡಿ, ಸೀಮೆಸುಣ್ಣದಲ್ಲಿ ಗೆರೆ ತಿದ್ದಬೇಡಿ. ಬಿಸಿಲೇರುವ ಮುಂಚೆ ಇಳಿದು ಬನ್ನಿ. ಇಳಿದ ಮೇಲೆ ಆ ಅರ್ಜಿ ಬರೆಯೋದನ್ನ ಮಾತ್ರ ಮರೀಬೇಡಿ.