ಹನ್ನೊಂದು ವರ್ಷ, ಇಪ್ಪತ್ತೆರಡು ಸಿನಿಮಾ, ಒಂದು ಸಾವು

1,40,00,605. 2018ರ ‘ಅವೆಂಜರ್ಸ್: ಇನ್ಫಿನಿಟಿ ವಾರ್’ ಸಿನಿಮಾದಲ್ಲಿ ಡಾಕ್ಟರ್ ಸ್ಟ್ರೇಂಜ್ ಕಣ್ಣು ಮುಚ್ಚಿ ಕೂತು ನೋಡಿ ಬರುವ ಭವಿಷ್ಯಗಳ ಲೆಕ್ಕ ಇದು. ಒಂದು ಭವಿಷ್ಯಕ್ಕೆ ಒಂದೇ ಸೆಕೆಂಡ್ ಕೊಟ್ಟರೂ ಹಗಲು ರಾತ್ರಿ ಎನ್ನದೆ 162 ದಿನ ನೋಡುತ್ತ ಕೂರಬೇಕು. ಅಷ್ಟು ಭವಿಷ್ಯಗಳಲ್ಲಿ ಖಳನಾಯಕ ಥ್ಯಾನೋಸ್ ವಿರುದ್ಧ ನಾವು ಗೆಲ್ಲುವುದು ಎಷ್ಟರಲ್ಲಿ ಎಂದು ಐರನ್ ಮ್ಯಾನ್ ಆದ ಟೋನಿ ಸ್ಟಾರ್ಕ್ ಕೇಳುತ್ತಾನೆ. ಒಂದರಲ್ಲಿ ಎನ್ನುತ್ತಾನೆ ಸ್ಟ್ರೇಂಜ್. ಆ ಒಂದರಲ್ಲಿ ಟೋನಿಯೇ ಬದುಕಿರುವುದಿಲ್ಲ ಎಂದು ತಿಳಿಯಲು ನಾವು ಇನ್ನೊಂದು ವರ್ಷ ಕಾಯಬೇಕಾಯಿತು.

ಸೂಪರ್‌ಹೀರೊ ಸಿನಿಮಾಗಳ ಅಭಿಮಾನಿಗೆ ಅಂಕಿಗಳೆಂದರೆ ಹುಚ್ಚು. ನನಗೂ ಅಷ್ಟೆ. 2008ರ ‘ಐರನ್ ಮ್ಯಾನ್’ನಿಂದ 2025ರ ‘ಫೆಂಟಾಸ್ಟಿಕ್ ಫೋರ್’ವರೆಗೆ ಮಾರ್ವೆಲ್ ಸ್ಟುಡಿಯೊಸ್‌ನ ಒಂದೇ ಕಥಾಲೋಕದಲ್ಲಿ 37 ಸಿನಿಮಾಗಳು ಬಂದಿವೆ. ಒಟ್ಟು ಗಳಿಕೆ 3,000 ಕೋಟಿ ಡಾಲರ್ ದಾಟಿದೆ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡೂವರೆ ಲಕ್ಷ ಕೋಟಿ ರೂಪಾಯಿ. ಜಗತ್ತಿನ ಬೇರೆ ಯಾವ ಸಿನಿಮಾ ಸರಣಿಯೂ ಇದರ ಹತ್ತಿರ ಸುಳಿದಿಲ್ಲ.

ಇಷ್ಟೆಲ್ಲ ಶುರುವಾದದ್ದು ಸಾಲದಿಂದ. 1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ ಕಂಪನಿ ದಿವಾಳಿ ಅರ್ಜಿ ಹಾಕಿತ್ತು. ಮುಂದೆ ತಾನೇ ಸಿನಿಮಾ ಮಾಡಲು ಹೊರಟಾಗ ಅದರ ದೊಡ್ಡ ಹೆಸರುಗಳಾದ ಸ್ಪೈಡರ್‌ಮ್ಯಾನ್ ಮತ್ತು ಎಕ್ಸ್-ಮೆನ್ ಬೇರೆ ಸ್ಟುಡಿಯೊಗಳ ಕೈಯಲ್ಲಿದ್ದವು. 2005ರಲ್ಲಿ ಕ್ಯಾಪ್ಟನ್ ಅಮೆರಿಕ, ಬ್ಲ್ಯಾಕ್ ಪ್ಯಾಂಥರ್, ಡಾಕ್ಟರ್ ಸ್ಟ್ರೇಂಜ್ ಸೇರಿ ಹತ್ತು ಹೆಸರುಗಳ ಸಿನಿಮಾ ಹಕ್ಕನ್ನು ಅಡವಿಟ್ಟು 52.5 ಕೋಟಿ ಡಾಲರ್ ಸಾಲಕ್ಕೆ ಸಹಿ ಹಾಕಿತು. ಸಿನಿಮಾಗಳು ಸೋತಿದ್ದರೆ ಹೀರೊಗಳೇ ಸಾಲ ಕೊಟ್ಟವರ ಪಾಲಾಗುತ್ತಿದ್ದರು. ಸುಮಾರು 14 ಕೋಟಿ ಡಾಲರ್ ಖರ್ಚಿನ ‘ಐರನ್ ಮ್ಯಾನ್’ 58 ಕೋಟಿ ದುಡಿಯಿತು. ಮರುವರ್ಷವೇ ಡಿಸ್ನಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಮಾರ್ವೆಲ್ಲನ್ನು ಕೊಂಡುಕೊಂಡಿತು. ಅದಾಗಿ ಹತ್ತು ವರ್ಷಕ್ಕೆ ಬಂದ ‘ಅವೆಂಜರ್ಸ್: ಎಂಡ್‌ಗೇಮ್’ ಒಂದೇ 279 ಕೋಟಿ ಡಾಲರ್ ಗಳಿಸಿತು. ಅದರಲ್ಲಿ 120 ಕೋಟಿ ಮೊದಲ ವಾರಾಂತ್ಯದೊಳಗೇ ಬಂದಿತ್ತು.

ಅದು ಬಿಡುಗಡೆಯಾದ 2019ರ ಏಪ್ರಿಲ್ 26 ನೆನಪಿಸಿಕೊಳ್ಳಿ. ಅದಕ್ಕೆ ಮೊದಲು ಮುಂಗಡ ಬುಕಿಂಗ್ ತೆರೆದಾಗ ಭಾರತದಲ್ಲಿ ಹೆಚ್ಚುಕಡಿಮೆ ಒಂದೇ ದಿನಕ್ಕೆ 10 ಲಕ್ಷ ಟಿಕೆಟ್ ಮಾರಾಟವಾದವು. ಕೆಲವು ನಗರಗಳಲ್ಲಿ ಥಿಯೇಟರ್‌ಗಳು ಇಪ್ಪತ್ನಾಲ್ಕು ಗಂಟೆಯೂ ಷೋ ನಡೆಸಿದವು. ಸಿನಿಮಾದ ಉದ್ದ 181 ನಿಮಿಷ. ಸೆಕೆಂಡಿಗೆ 24 ಚೌಕಟ್ಟಿನಂತೆ ಗುಣಿಸಿದರೆ 2,60,640 ಚಿತ್ರಗಳು. ಸುಮಾರು 2,500 ಶಾಟ್‌ಗಳಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಕೆಲಸವಿತ್ತು. ಕಲಾವಿದರ ಕೈ ಸೋಕದ ದೃಶ್ಯವನ್ನು ಅದರಲ್ಲಿ ಹುಡುಕಿ ತೆಗೆಯಬೇಕು.

ಆದರೆ ಅವತ್ತು ಥಿಯೇಟರ್‌ನಲ್ಲಿ ನನ್ನ ಕಣ್ಣಲ್ಲಿ ನೀರು ತರಿಸಿದ್ದು ಈ ಯಾವ ಅಂಕಿಯೂ ಅಲ್ಲ. ಆ ಕೆಲಸ ಮಾಡಿದ ಅಂಕಿ 11. ಇಪ್ಪತ್ತೆರಡು ಸಿನಿಮಾಗಳಿಗೆ ಹಿಡಿದ ವರ್ಷಗಳು.

ಥೋರ್‌ನ ಸುತ್ತಿಗೆಯನ್ನೇ ನೋಡಿ. 2015ರ ‘ಏಜ್ ಆಫ್ ಅಲ್ಟ್ರಾನ್’ನಲ್ಲಿ ಒಂದು ಪಾರ್ಟಿ ನಡೆಯುತ್ತದೆ. ಯೋಗ್ಯನಾದವನು ಮಾತ್ರ ಎತ್ತಬಲ್ಲ ಆ ಸುತ್ತಿಗೆಯನ್ನು ಗೆಳೆಯರೆಲ್ಲ ಒಬ್ಬೊಬ್ಬರಾಗಿ ಎತ್ತಲು ನೋಡುತ್ತಾರೆ. ಕ್ಯಾಪ್ಟನ್ ಅಮೆರಿಕ ಆದ ಸ್ಟೀವ್ ರಾಜರ್ಸ್ ಹಿಡಿದಾಗ ಅದು ಚೂರೇ ಚೂರು ಅಲುಗುತ್ತದೆ, ಥೋರ್‌ನ ಮುಖದ ನಗು ಒಂದು ಕ್ಷಣ ಮಾಸುತ್ತದೆ. ಅಷ್ಟೇ. ನಾಲ್ಕು ವರ್ಷ ಅದರ ಮಾತಿಲ್ಲ. ‘ಎಂಡ್‌ಗೇಮ್’ನಲ್ಲಿ ಎಲ್ಲವೂ ಮುಗಿಯಿತು ಎನ್ನುವಾಗ ಆ ಸುತ್ತಿಗೆ ಹಾರಿ ಬಂದು ಸ್ಟೀವ್‌ನ ಕೈ ಸೇರುತ್ತದೆ. ಆಗ ಥಿಯೇಟರ್‌ನಲ್ಲಿ ಎದ್ದ ಕೂಗಿಗೆ ನಾಲ್ಕು ವರ್ಷದ ಕಾವು ಇತ್ತು. ಅದನ್ನು ಯಾವ ಗ್ರಾಫಿಕ್ಸ್ ಸ್ಟುಡಿಯೊವೂ ಮಾಡಿಕೊಡಲಾರದು.

ಟೋನಿಯ ಸಾವೂ ಹಾಗೆಯೇ. ಐರನ್ ಮ್ಯಾನ್ ಆಗಿ ಮೊದಲು ಪರದೆಗೆ ಬಂದಾಗ ರಾಬರ್ಟ್ ಡೌನಿ ಜೂನಿಯರ್‌ಗೆ 43 ವರ್ಷ, ಪ್ರಾಣ ತೆತ್ತು ಕೊನೆಯ ಚಿಟಿಕೆ ಹೊಡೆದಾಗ 54. ಆ ಮುಖದ ಗೆರೆಗಳು ಮೇಕಪ್ ಅಲ್ಲ. ಟೋನಿಯನ್ನು ಹತ್ತನೇ ತರಗತಿಯಲ್ಲಿ ಮೊದಲ ಸಲ ನೋಡಿದ ಹುಡುಗಿ ಕೊನೆಯ ಸಲ ನೋಡುವಾಗ ಕೆಲಸಕ್ಕೆ ಸೇರಿದ್ದಳು. ಪಾತ್ರವೂ ನಟನೂ ನೋಡುವವಳೂ ಒಟ್ಟಿಗೇ ಬೆಳೆದಿದ್ದರು. ‘ಇನ್ಫಿನಿಟಿ ವಾರ್’ನಲ್ಲಿ ಥ್ಯಾನೋಸ್ ಬ್ರಹ್ಮಾಂಡದ ಅರ್ಧ ಜೀವಗಳನ್ನು ಅಳಿಸಿದಾಗ ಭೂಮಿಯೊಂದರಲ್ಲೇ 350 ಕೋಟಿಗೂ ಹೆಚ್ಚು ಮಂದಿ ಇಲ್ಲವಾದರು. ನಾವು ಅತ್ತದ್ದು ಟೋನಿಯ ತೋಳಲ್ಲಿ ಬೂದಿಯಾದ ಪೀಟರ್ ಪಾರ್ಕರ್ ಎಂಬ ಒಬ್ಬ ಹುಡುಗನಿಗೆ. ಮನುಷ್ಯನ ದುಃಖ ಕೋಟಿಗಳನ್ನು ಎಣಿಸುವುದಿಲ್ಲ. ಪರಿಚಯವಿರುವ ಒಬ್ಬರನ್ನು ಹುಡುಕಿಕೊಳ್ಳುತ್ತದೆ, ಆ ಪರಿಚಯಕ್ಕೆ ಕಾಲ ಬೇಕು.

ಆ ಕಾಲವನ್ನೇ ಮಾರ್ವೆಲ್‌ನವರು ಆಮೇಲೆ ಕಿತ್ತುಕೊಂಡರು. 2008ರಿಂದ 2019ರವರೆಗಿನ ಹನ್ನೊಂದು ವರ್ಷಗಳಲ್ಲಿ, ‘ಎಂಡ್‌ಗೇಮ್’ ನಂತರದ ಒಂದೂ ಸೇರಿ, ಬಂದ 23 ಸಿನಿಮಾಗಳ ಒಟ್ಟು ಉದ್ದ ಸುಮಾರು 50 ಗಂಟೆ. 2021ರ ಜನವರಿಯಿಂದ 2022ರ ನವೆಂಬರ್ ನಡುವೆ ಏಳು ಸಿನಿಮಾ, ಎಂಟು ವೆಬ್ ಸರಣಿ, ಎರಡು ವಿಶೇಷ ಕಂತುಗಳು ಬಂದವು. ಇವುಗಳ ಒಟ್ಟು ಉದ್ದವೂ 50 ಗಂಟೆಗೂ ಹೆಚ್ಚು. ಹನ್ನೊಂದು ವರ್ಷದ ಊಟವನ್ನು 23 ತಿಂಗಳಲ್ಲಿ ಬಡಿಸಿದರು. ಒಂದನ್ನು ಮೆಲುಕು ಹಾಕುವ ಮೊದಲೇ ಮುಂದಿನದು ಬರುತ್ತಿತ್ತು. ಗೆಳೆಯರೊಂದಿಗೆ ಕೂತು ಮುಂದೇನಾಗಬಹುದು ಎಂದು ಜಗಳವಾಡುವ ತಿಂಗಳುಗಳೇ ಉಳಿಯಲಿಲ್ಲ.

2023ರ ನವೆಂಬರ್‌ನಲ್ಲಿ ಬಂದ ‘ದಿ ಮಾರ್ವೆಲ್ಸ್’ನ ಉದ್ದ 105 ನಿಮಿಷ. ಅದರ ಮೂವರು ನಾಯಕಿಯರ ಹಿನ್ನೆಲೆ ಪೂರ್ತಿ ತಿಳಿಯಬೇಕಿದ್ದರೆ ಮೊದಲು ಒಂದು ಸಿನಿಮಾ ಮತ್ತು ಎರಡು ವೆಬ್ ಸರಣಿ, ಒಟ್ಟು ಹತ್ತು ಗಂಟೆಗೂ ಹೆಚ್ಚು ನೋಡಿರಬೇಕಿತ್ತು. ಇದಕ್ಕೆ ಮೂಲವಾದ ‘ಕ್ಯಾಪ್ಟನ್ ಮಾರ್ವೆಲ್’ 113 ಕೋಟಿ ಡಾಲರ್ ಗಳಿಸಿತ್ತು. ಇದು 21 ಕೋಟಿಯನ್ನೂ ಮುಟ್ಟಲಿಲ್ಲ, ಇಡೀ ಸರಣಿಯಲ್ಲೇ ಅತಿ ಕಡಿಮೆ. ತಯಾರಿಕೆ ಹೆಚ್ಚಾಗಿ ಗಮನ ತೆಳುವಾಯಿತು ಎಂದು ಡಿಸ್ನಿಯ ಆಗಿನ ಮುಖ್ಯಸ್ಥ ಬಾಬ್ ಐಗರ್ ಅದೇ ವರ್ಷ ಒಪ್ಪಿಕೊಂಡರು.

ಕಥೆಯೊಳಗೂ ಇದೇ ಹಣದುಬ್ಬರ ನಡೆದಿತ್ತು. 2012ರಲ್ಲಿ ಅಪಾಯದಲ್ಲಿದ್ದದ್ದು ನ್ಯೂಯಾರ್ಕ್ ನಗರ. 2018ರಲ್ಲಿ ಅರ್ಧ ಬ್ರಹ್ಮಾಂಡ. 2021ರಿಂದ ಮಲ್ಟಿವರ್ಸ್, ಅಂದರೆ ಲೆಕ್ಕಕ್ಕೇ ಸಿಗದಷ್ಟು ಬ್ರಹ್ಮಾಂಡಗಳು. ಲೋಕಿ ಎಂಬ ಪಾತ್ರ ಸತ್ತರೆ ಇನ್ನೊಂದು ಕಾಲರೇಖೆಯಿಂದ ಇನ್ನೊಬ್ಬ ಲೋಕಿ ಬರುತ್ತಾನೆ, ಗಮೋರಾ ಸತ್ತರೆ ಇನ್ನೊಬ್ಬಳು ಗಮೋರಾ. 2017ರ ‘ಲೋಗನ್’ನಲ್ಲಿ ಎಕ್ಸ್-ಮೆನ್ ಬಳಗದ ವುಲ್ವರಿನ್ ಸತ್ತಾಗ ಮನಸ್ಸು ತುಂಬಿ ಬೀಳ್ಕೊಟ್ಟಿದ್ದೆ. 2024ರ ‘ಡೆಡ್‌ಪೂಲ್ ಆ್ಯಂಡ್ ವುಲ್ವರಿನ್’ ಆ ಸಮಾಧಿಯನ್ನೇ ಅಗೆದು 133 ಕೋಟಿ ಡಾಲರ್ ಗಳಿಸಿತು. ಅದನ್ನು ನೋಡುತ್ತ ಮನಸಾರೆ ನಕ್ಕಿದ್ದೇನೆ. ಹೊರಗೆ ಬಂದಾಗ ಏನೋ ಕಳೆದುಕೊಂಡ ಸಂಕಟವೂ ಇತ್ತು. ಎರಡೂ ನಿಜ.

ದೊಡ್ಡದಾಗುವುದೇ ತಪ್ಪು ಎನ್ನಲಾರೆ. 2023ರ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್’ನಲ್ಲೂ ಲೆಕ್ಕವಿಲ್ಲದಷ್ಟು ಸ್ಪೈಡರ್‌ಮ್ಯಾನ್‌ಗಳಿದ್ದಾರೆ. ಸುಮಾರು ಸಾವಿರ ಕಲಾವಿದರು ದುಡಿದ ಆ ಅನಿಮೇಷನ್ ಸಿನಿಮಾ ಭಾರತದಲ್ಲಿ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ಬಂತು. ‘ಎಂಡ್‌ಗೇಮ್’ ಕಾಲದಲ್ಲಿ ನಮಗೆ ಆ ಭಾಗ್ಯವಿರಲಿಲ್ಲ. ಅಷ್ಟು ಲೋಕಗಳ ನಡುವೆಯೂ ಆ ಕಥೆ ತನ್ನ ಅಪ್ಪನನ್ನು ಉಳಿಸಿಕೊಳ್ಳಲು ಓಡುವ ಮೈಲ್ಸ್ ಎಂಬ ಒಬ್ಬ ಹುಡುಗನ ಕೈ ಬಿಡುವುದಿಲ್ಲ. ಹಾಗಾಗಿ ಅಲ್ಲಿ ಅನಂತಕ್ಕೂ ಅರ್ಥವಿದೆ.

ಇನ್ನೊಂದು ಲೆಕ್ಕವನ್ನು, ಈ ಹೀರೊಗಳನ್ನು ಕಟ್ಟಿದವರಿಗೆ ಸಿಕ್ಕಿದ್ದರ ಲೆಕ್ಕವನ್ನು, ಅಭಿಮಾನಿಗಳಾದ ನಾವು ಹೇಳಲೇಬೇಕು. 1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಯುವಕರು ಸೂಪರ್‌ಮ್ಯಾನ್ ಹಕ್ಕನ್ನು ಮಾರಿದ್ದು 130 ಡಾಲರ್‌ಗೆ. ಅವನು ಮೊದಲು ಕಾಣಿಸಿಕೊಂಡ ಕಾಮಿಕ್ಸ್‌ನ ಒಂದೇ ಒಂದು ಪ್ರತಿ 2024ರ ಹರಾಜಿನಲ್ಲಿ 60 ಲಕ್ಷ ಡಾಲರ್‌ಗೆ ಹೋಯಿತು, 46 ಸಾವಿರ ಪಟ್ಟು. ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ಯ ಗ್ರೂಟ್‌ಗೆ ಜೀವ ತುಂಬಿದ ಗ್ರಾಫಿಕ್ಸ್ ಸ್ಟುಡಿಯೊಗಳಲ್ಲಿ ಒಂದಾದ ಎಂಪಿಸಿಗೆ ಬೆಂಗಳೂರಿನಲ್ಲಿ ದೊಡ್ಡ ಶಾಖೆಯಿತ್ತು. ಅದರ ಒಡೆತನ ಹೊಂದಿದ್ದ ಟೆಕ್ನಿಕಲರ್ 2025ರ ಫೆಬ್ರುವರಿಯಲ್ಲಿ ಕುಸಿದಾಗ ಬೆಂಗಳೂರು ಮತ್ತು ಮುಂಬೈಯ ಸುಮಾರು ಮೂರು ಸಾವಿರ ಮಂದಿ ಏಕಾಏಕಿ ಕೆಲಸ ಕಳೆದುಕೊಂಡರು. ಸಿನಿಮಾ ಮುಗಿದ ಮೇಲೆ ಉರುಳುವ ಹೆಸರುಗಳ ಪಟ್ಟಿಯನ್ನು ಕೊನೆಯ ಪುಟ್ಟ ದೃಶ್ಯಕ್ಕಾಗಿ ಕಾಯುತ್ತ ನೋಡುವವರು ನಾವು. ಅದರಲ್ಲಿ ನಮ್ಮೂರಿನ ಹೆಸರುಗಳೂ ಇದ್ದವು.

ಈಗ ಡೌನಿ ಮತ್ತೆ ಬರುತ್ತಿದ್ದಾರೆ. 2024ರ ಜುಲೈಯಲ್ಲಿ ಸ್ಯಾನ್ ಡಿಯಾಗೋ ಕಾಮಿಕ್-ಕಾನ್ ವೇದಿಕೆಯಲ್ಲಿ ಅವರು ಮುಖವಾಡ ತೆಗೆದಾಗ ‘ಅವೆಂಜರ್ಸ್: ಡೂಮ್ಸ್‌ಡೇ’ಯ ಡಾಕ್ಟರ್ ಡೂಮ್ ಯಾರೆಂದು ಜಗತ್ತಿಗೆ ಗೊತ್ತಾಯಿತು. ಅವರು ದೊಡ್ಡ ನಟ, ಬಿಡುಗಡೆಯಾದಾಗ ನೋಡಿಯೇ ನೋಡುತ್ತೇನೆ. ಆದರೂ ಇದು ಹನ್ನೊಂದು ವರ್ಷ ಕೂಡಿಟ್ಟ ಪ್ರೀತಿಯಿಂದ ತೆಗೆದು ಮಾಡುವ ಖರ್ಚು, ಹೊಸದಾಗಿ ಕೂಡಿಡುವುದಲ್ಲ.

ಕೂಡಿಡಲು ಮಾರ್ವೆಲ್ ಬಳಿ ಕಮಲಾ ಖಾನ್ ಇದ್ದಾಳೆ. 2022ರ ‘ಮಿಸ್ ಮಾರ್ವೆಲ್’ ಸರಣಿಯ ಈ ಜೆರ್ಸಿ ಸಿಟಿಯ ಹುಡುಗಿ ಅವೆಂಜರ್ಸ್ ಬಳಗದ ಅಭಿಮಾನಿ. ಪಾತ್ರ ಮಾಡಿದ ಇಮಾನ್ ವೆಲಾನಿಗೆ ಆಗ 19 ವರ್ಷ. ಅವಸರ ಮಾಡದೆ, ಇನ್ನೊಂದು ಬ್ರಹ್ಮಾಂಡದಿಂದ ಇನ್ನೊಬ್ಬಳನ್ನು ತರದೆ ಅವಳಿಗೂ ಹನ್ನೊಂದು ವರ್ಷ ಕೊಟ್ಟರೆ 2033ಕ್ಕೆ ಇಮಾನ್ 30 ದಾಟಿರುತ್ತಾಳೆ. ಇಂದಿನ ಹತ್ತು ವರ್ಷದ ಮಕ್ಕಳು ಅಷ್ಟರಲ್ಲಿ ಕಾಲೇಜಿಗೆ ಹೋಗುವವರಾಗಿರುತ್ತಾರೆ. ನಮ್ಮ ಪಾಲಿಗೆ ಟೋನಿ ಸಿಕ್ಕಿದ್ದ. ತಮ್ಮ ಕಣ್ಣೆದುರೇ ವಯಸ್ಸಾಗುವ ಒಬ್ಬ ಹೀರೊ ಆ ಮಕ್ಕಳ ಪಾಲಿಗೂ ಸಿಗಬೇಕು.