ತಪ್ಪು ಬದನೆಕಾಯಿಯದ್ದಲ್ಲ

ಪಿತ್ತದ ಗಂಧೆ ಎದ್ದ ಮನೆಯಲ್ಲಿ ಮೊದಲು ಬಹಿಷ್ಕಾರ ಬೀಳುವುದು ಬದನೆಕಾಯಿಗೆ. ಆಮೇಲೆ ಮೊಟ್ಟೆ, ಮೀನು, ಕಡಲೆಕಾಯಿ. ಕರಾವಳಿಯವರಾದರೆ ಪುನರ್ಪುಳಿ ಶರಬತ್ತು ಶುರು. ನಾಲ್ಕು ದಿನ ಕಾಡಿ ಹೋಗುವ ಗಂಧೆಗೆ ಇದೆಲ್ಲ ನಡೆದೀತು. ತಿಂದ ಸಿಗಡಿಯೋ, ನುಂಗಿದ ಮಾತ್ರೆಯೋ, ಮಕ್ಕಳಲ್ಲಾದರೆ ವೈರಸ್ ಜ್ವರವೋ ಅದಕ್ಕೆ ನಿಜವಾಗಿಯೂ ಕಾರಣವಾಗಿರಬಹುದು. ಆದರೆ ಆರು ವಾರ ದಾಟಿಯೂ ಏಳುತ್ತಲೇ ಇದ್ದರೆ ವೈದ್ಯರು ಅದನ್ನು ದೀರ್ಘಕಾಲದ ಅರ್ಟಿಕೇರಿಯಾ ಎನ್ನುತ್ತಾರೆ. ಅಲ್ಲಿಂದಾಚೆಗೆ ಅಡುಗೆಮನೆಯ ತನಿಖೆ ಬಹುಮಟ್ಟಿಗೆ ದಂಡ. ಊಟ ಸೊರಗುತ್ತದೆ, ಗಂಧೆ ತನ್ನ ಪಾಡಿಗೆ ಏಳುತ್ತಿರುತ್ತದೆ.

ಚರ್ಮದ ಒಳಪದರದಲ್ಲಿ, ಸಣ್ಣ ರಕ್ತನಾಳ ಮತ್ತು ನರತುದಿಗಳಿಗೆ ತಾಗಿದಂತೆ ಮಾಸ್ಟ್ ಕೋಶಗಳಿವೆ. ಜರ್ಮನಿಯ ಪಾಲ್ ಎರ್ಲಿಖ್ ತಮ್ಮ 1878ರ ಪ್ರಬಂಧದಲ್ಲಿ ಬಣ್ಣ ಕಟ್ಟಿ ಗುರುತಿಸಿದ ಕೋಶಗಳಿವು. ಒಡಲ ತುಂಬ ಕಣಗಳು, ಕಣಗಳಲ್ಲಿ ಹಿಸ್ಟಮಿನ್. ಕೋಶ ಕೆರಳಿತೆಂದರೆ ನಿಮಿಷಗಳಲ್ಲಿ ಅದೆಲ್ಲ ಹೊರಗೆ. ಹಿಸ್ಟಮಿನ್ ರಕ್ತನಾಳದ ಗೋಡೆಯಲ್ಲಿ ಸಂದು ಬಿಡಿಸುತ್ತದೆ, ರಕ್ತದ ದ್ರವ ಸೋರಿ ಚರ್ಮ ಉಬ್ಬುತ್ತದೆ, ನರತುದಿ ಕೆಣಕಿ ತುರಿಕೆ ಹತ್ತುತ್ತದೆ. ಸೋರಿದ್ದು ಹಿಂಗಿದ ಮೇಲೆ ಚರ್ಮ ಎಂದಿನಂತೆ. ಒಂದು ಗಂಧೆಯ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದು ನೋಡಿ: 24 ಗಂಟೆಯೊಳಗೆ ಗೆರೆ ಉಳಿದಿರುತ್ತದೆ, ಗಂಧೆ ಇರುವುದಿಲ್ಲ. ಅಲ್ಲೇ ನಿಂತು ಉರಿದು ಕಂದು ಕಲೆ ಬಿಟ್ಟರೆ ರಕ್ತನಾಳಗಳ ಉರಿಯೂತದ ಅನುಮಾನ. ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಹೊರಗಿನಿಂದ ಏನೂ ಬಾರದಿದ್ದರೂ ಈ ಕೋಶಗಳು ಕೆರಳುವುದೇಕೆ? ಉತ್ತರದ ಸುಳಿವು ರೋಗಿಯ ರಕ್ತದಲ್ಲೇ ಇತ್ತು. ಚರ್ಮರೋಗ ವಿಭಾಗಗಳಲ್ಲಿ ಇಂದಿಗೂ ಮಾಡುವ ಒಂದು ಪರೀಕ್ಷೆಯಿದೆ. ರೋಗಿಯ ರಕ್ತ ತೆಗೆದು, ಸೀರಮ್ ಬೇರ್ಪಡಿಸಿ, ಅದರ 0.05 ಮಿಲಿಲೀಟರನ್ನು ಅವರದೇ ಮುಂದೋಳಿಗೆ ಚುಚ್ಚುತ್ತಾರೆ. ಪಕ್ಕದಲ್ಲಿ ಹೋಲಿಕೆಗೆ ಸಲೈನ್, ಹಿಸ್ಟಮಿನ್. ಅರ್ಧ ಗಂಟೆಯ ಬಳಿಕ ಸ್ಕೇಲ್ ಹಿಡಿದು ಅಳೆಯುತ್ತಾರೆ. ಸಲೈನಿನ ಗುಳ್ಳೆಗಿಂತ ಸೀರಮ್ಮಿನ ಗುಳ್ಳೆ 1.5 ಮಿಲಿಮೀಟರ್‌ನಷ್ಟಾದರೂ ಅಗಲವಿದ್ದರೆ ಪಾಸಿಟಿವ್. ತನ್ನದೇ ರಕ್ತಕ್ಕೆ ತನ್ನದೇ ಚರ್ಮ ಏಳುತ್ತದೆ! ಎಲ್ಲರಲ್ಲೂ ಹೀಗಾಗುವುದಿಲ್ಲ, ಆದರೆ ಗಣನೀಯ ಪಾಲಿನ ರೋಗಿಗಳಲ್ಲಿ ಆಗುತ್ತದೆ.

ಆ ಸೀರಮ್ಮಿನಲ್ಲಿದ್ದದ್ದೇನೆಂದು 1993ರಲ್ಲಿ ಗೊತ್ತಾಯಿತು. ಮಾಸ್ಟ್ ಕೋಶದ ಮೈಮೇಲೆ ಐಜಿಇ ಎಂಬ ಪ್ರತಿಕಾಯ ಕೂರುವ ಗ್ರಾಹಕಗಳಿವೆ. ಸಾಮಾನ್ಯ ಅಲರ್ಜಿಯಲ್ಲಿ ಹೊರಗಿನ ವಸ್ತು ಬಂದು ಐಜಿಇಗಳನ್ನು ಬೆಸೆಯಬೇಕು. ಇಲ್ಲಿ ದೇಹವೇ ತಯಾರಿಸಿದ ಐಜಿಜಿ ಪ್ರತಿಕಾಯಗಳು ನೇರವಾಗಿ ಆ ಗ್ರಾಹಕಗಳನ್ನೇ, ಅಕ್ಕಪಕ್ಕದ ಇಬ್ಬರ ಜುಟ್ಟು ಹಿಡಿದು ಗಂಟು ಹಾಕಿದಂತೆ, ಜೋಡಿಸಿಬಿಡುತ್ತವೆ. ಇನ್ನು ಕೆಲವರಲ್ಲಿ ಐಜಿಇಯೇ ದಾರಿ ತಪ್ಪಿ ಸ್ವಂತ ಪ್ರೋಟೀನುಗಳ ಮೇಲೆ, ಉದಾಹರಣೆಗೆ ಥೈರಾಯ್ಡಿನ ಪೆರಾಕ್ಸಿಡೇಸ್ ಮೇಲೆ, ತಿರುಗಿರುತ್ತದೆ. ಗಂಧೆಗೆಂದು ಹೋದವರಿಗೆ ವೈದ್ಯರು ಥೈರಾಯ್ಡ್ ಪರೀಕ್ಷೆ ಬರೆದರೆ ಗೊಣಗಬೇಕಿಲ್ಲ.

ನನಗೆ ತೀರಾ ಕುತೂಹಲದ ಸಂಗತಿ ಇನ್ನೊಂದು. ಮಾಸ್ಟ್ ಕೋಶಗಳು ಶ್ವಾಸಕೋಶದಲ್ಲೂ ಇವೆ. ಹಾಗಿದ್ದೂ ಈ ರೋಗಿಗಳಿಗೆ ಸಾಮಾನ್ಯವಾಗಿ ಉಬ್ಬಸ ಬರುವುದಿಲ್ಲ. ಐಜಿಜಿ ಅಂಟಿದ ಮೇಲೆ ರಕ್ತದಲ್ಲಿ ಹುಟ್ಟುವ ಸಿ5ಎ ಎಂಬ ತುಣುಕು ಕೋಶವನ್ನು ಮತ್ತಷ್ಟು ಕೆರಳಿಸುತ್ತದೆ. ಅದನ್ನು ಹಿಡಿಯುವ ಗ್ರಾಹಕ ಇರುವುದು ಚರ್ಮದ ಮಾಸ್ಟ್ ಕೋಶಗಳಲ್ಲಿ, ಶ್ವಾಸಕೋಶದವುಗಳಲ್ಲಿ ಅಲ್ಲ ಎಂಬುದು ಸಂಶೋಧಕರು ಕೊಡುವ ವಿವರಣೆ.

ಇದು ತಿಳಿದರೆ ಚಿಕಿತ್ಸೆಯ ತರ್ಕವೂ ತಿಳಿಯುತ್ತದೆ. ಗಂಧೆ ಕಂಡಾಗ ಮಾತ್ರ ಸೆಟ್ರಿಜಿನ್ ನುಂಗುವುದು ನಮ್ಮ ರೂಢಿ. ಆ ಹೊತ್ತಿಗೆ ಹಿಸ್ಟಮಿನ್ ತನ್ನ ಗ್ರಾಹಕ ಹಿಡಿದಾಗಿರುತ್ತದೆ. ಮಾತ್ರೆ ಮೊದಲೇ ಅಲ್ಲಿ ಕೂತಿರಬೇಕು, ಆದ್ದರಿಂದ ದಿನವೂ ಬೇಕು. ಸಾಲದಿದ್ದರೆ ನಿದ್ದೆ ತರಿಸದ ಹೊಸ ಪೀಳಿಗೆಯವನ್ನು ವೈದ್ಯರೇ ನಾಲ್ಕುಪಟ್ಟಿನವರೆಗೆ ಏರಿಸುತ್ತಾರೆ. ಆಸ್ಪಿರಿನ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ಹಲವರಲ್ಲಿ ಗಂಧೆಯನ್ನು ಕೆದಕುತ್ತವೆ. ಪಥ್ಯ ಮಾಡಲೇಬೇಕೆಂದಿದ್ದರೆ ಅಲ್ಲಿಂದ ಶುರು ಮಾಡುವುದು ಮೇಲು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸ್ಟೀರಾಯ್ಡ್ ಥಟ್ಟನೆ ಅಡಗಿಸುತ್ತದೆ ನಿಜ, ಬಿಟ್ಟ ವಾರದಲ್ಲೇ ಮತ್ತೆ ಏಳಬಹುದು. ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ ಕಾಯಿಲೆ, ಸವೆದ ಮೂಳೆ.

ಮಾತ್ರೆಗೆ ಬಗ್ಗದವರಿಗೆ ಒಮಾಲಿಜುಮಾಬ್ ಇದೆ, ನಾಲ್ಕು ವಾರಕ್ಕೊಮ್ಮೆ 300 ಮಿಲಿಗ್ರಾಂ ಚುಚ್ಚುಮದ್ದು. ಅದು ತಿರುಗಾಡುವ ಐಜಿಇಯನ್ನು ಹಿಡಿದಿಡುತ್ತದೆ. ಐಜಿಇ ಇಳಿದಂತೆ ಕೋಶದ ಮೇಲಿನ ಗ್ರಾಹಕಗಳೂ ಇಳಿಮುಖ. ಐಜಿಇಯೇ ದಾರಿ ತಪ್ಪಿದವರಿಗೆ ಬೇಗ ಗುಣ ಕಾಣುತ್ತದೆ, ಐಜಿಜಿ ಗುಂಪಿನವರಿಗೆ ತಿಂಗಳುಗಳೇ ಹಿಡಿಯಬಹುದು. ಗ್ರಾಹಕದ ಸುದ್ದಿಯನ್ನು ಕೋಶದೊಳಕ್ಕೆ ಮುಟ್ಟಿಸುವ ಬಿಟಿಕೆ ಕಿಣ್ವವನ್ನು ತಡೆಯುವ ರೆಮಿಬ್ರುಟಿನಿಬ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2025ರಲ್ಲಿ ಒಪ್ಪಿಗೆ ಸಿಕ್ಕಿತು. ಇದಕ್ಕೆ ಸೂಜಿಯ ಹಂಗಿಲ್ಲ, ದಿನಕ್ಕೆರಡು ಬಾರಿ ನುಂಗಿದರಾಯಿತು.