ಶಾಲು ಸಾಕು, ಚಿತ್ರ ಕೊಳ್ಳೋಣ

ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಹೆದ್ದಾರಿಯಲ್ಲಿ ಹೆಚ್ಚೆಂದರೆ ಒಂದು ತಾಸಿನ ದಾರಿ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲೂಕುಗಳ ಹಳ್ಳಿಗಳಲ್ಲಿ ಚಿತ್ರಕಲೆಯ ಹುಚ್ಚು ಹತ್ತಿಸಿಕೊಂಡ ಮಕ್ಕಳು ಆ ಕಡೆಗಾದರೂ ಹೋಗುತ್ತಾರೆ, ಬೆಳಗಾವಿ, ಧಾರವಾಡದ ಕಡೆಗಾದರೂ ಹೋಗುತ್ತಾರೆ. ಕಲಿತು ಊರಿಗೆ ಮರಳಿದವರ ಮುಂದಿನ ದಾರಿಗಳು ಎಣಿಕೆಯವು. ಅದೃಷ್ಟವಿದ್ದರೆ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರಿಕೆ. ಇಲ್ಲವಾದರೆ ಫ್ಲೆಕ್ಸ್ ಅಂಗಡಿ, ಮದುವೆ ಮಂಟಪದ ಅಲಂಕಾರ, ಗಣಪತಿ ಮೂರ್ತಿಗೆ ಬಣ್ಣ. ರಾತ್ರಿ ಕೂತು ತಮ್ಮದೇ ಚಿತ್ರ ಬರೆಯುವವರೂ ಇದ್ದಾರೆ. ಆ ಚಿತ್ರಗಳಿಗೆ ಗಿರಾಕಿ ಬೇಕೆಂದರೆ ಪುಣೆ, ಮುಂಬೈ, ಬೆಂಗಳೂರಿನ ದಿಕ್ಕಿಗೇ ನೋಡಬೇಕು.

ಇದು ಬಡ ಸೀಮೆಯ ಕತೆಯಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆಯ ನೀರು ಕುಡಿದ ಕಪ್ಪು ನೆಲ ಇದು. ಕಬ್ಬು, ತಂಬಾಕು, ಸಕ್ಕರೆ ಕಾರ್ಖಾನೆ, ಊರೂರಿಗೆ ಪತ್ತಿನ ಸಹಕಾರಿ ಸಂಘ ಇಲ್ಲಿವೆ. ಉಗಾರದ ಸಕ್ಕರೆ ಕಾರ್ಖಾನೆ ಸ್ವಾತಂತ್ರ್ಯಕ್ಕೂ ಮೊದಲಿನದು. ಕೊಡುವ ಕೈಗೂ ಇಲ್ಲಿ ಬರವಿಲ್ಲ. ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿದಾಗಿನಿಂದ ಈ ಜಿಲ್ಲೆಯ ದೇಸಾಯಿಯರು, ವ್ಯಾಪಾರಸ್ಥರು, ರೈತರು ಶಾಲೆ-ಕಾಲೇಜಿಗೆ ಸುರಿದ ಹಣ ಸಣ್ಣದಲ್ಲ. ಶಿರಸಂಗಿ ಲಿಂಗರಾಜರ ಹೆಸರು ಹೊತ್ತ ಕಾಲೇಜು ಇವತ್ತಿಗೂ ನಡೆಯುತ್ತಿದೆ. ವಿದ್ಯೆಗೆ ಕೊಟ್ಟ ಕೈ ಚಿತ್ರಕ್ಕೆ ಯಾಕೆ ಚಾಚಲಿಲ್ಲ ಎಂಬುದನ್ನು ನಾವು ಈಗಲಾದರೂ ಕೇಳಿಕೊಳ್ಳಬೇಕು.

ಚಿತ್ರಕಾರನನ್ನು ಸಾಕುವ ರೂಢಿ ಈ ಸೀಮೆಗೆ ಹೊಸದೇನಲ್ಲ. ರಾಯಬಾಗ ಒಂದು ಕಾಲಕ್ಕೆ ಕೊಲ್ಹಾಪುರ ಸಂಸ್ಥಾನದ ಭಾಗ. 1894ರಿಂದ 1922ರವರೆಗೆ ಅಲ್ಲಿ ಆಳಿದ ಶಾಹೂ ಮಹಾರಾಜರ ಆಸ್ಥಾನದಲ್ಲಿ ಅಬಾಲಾಲ್ ರಹಿಮಾನರಂಥ ಚಿತ್ರಕಾರರಿದ್ದರು, ಅಲ್ಲಾದಿಯಾ ಖಾನರಂಥ ಗಾಯಕರಿದ್ದರು. ನಾಟಕದ ಪರದೆ ಬರೆಯುತ್ತಿದ್ದ ಬಾಬುರಾವ್ ಪೇಂಟರ್ ಅದೇ ಕೊಲ್ಹಾಪುರದಿಂದ ಸಿನಿಮಾಕ್ಕೆ ಕಾಲಿಟ್ಟರು. ಇನ್ನೂ ಉತ್ತರಕ್ಕೆ ಸಾತಾರಾ ಜಿಲ್ಲೆಯ ಔಂಧ ಇದೆ. ಆ ಪುಟ್ಟ ಸಂಸ್ಥಾನದ ಒಂದು ತುಂಡು, ಗುಣದಾಳ, ನಮ್ಮ ವಿಜಯಪುರದ ನೆಲದಲ್ಲೇ ಇತ್ತು. ಅಲ್ಲಿನ ರಾಜ ಭವಾನರಾವ್ ಪಂತ ಪ್ರತಿನಿಧಿ ತಾವೇ ಚಿತ್ರ ಬರೆಯುತ್ತಿದ್ದರು. ಅವರು 1938ರಲ್ಲಿ ಕಟ್ಟಿಸಿದ ಚಿತ್ರಸಂಗ್ರಹಾಲಯದಲ್ಲಿ ರವಿವರ್ಮನ ಚಿತ್ರಗಳಿವೆ, ಇಂಗ್ಲೆಂಡಿನ ಹೆನ್ರಿ ಮೂರ್ ಕೆತ್ತಿದ ತಾಯಿ-ಮಗುವಿನ ಶಿಲ್ಪವೂ ಇದೆ. ಹೆನ್ರಿ ಮೂರ್ ಆಗ ಬದುಕಿದ್ದ, ಕೆಲಸ ಮಾಡುತ್ತಿದ್ದ ಕಲಾವಿದ. ತನ್ನ ಕಾಲದ ಕಲೆಯನ್ನು ಕೊಂಡು ತನ್ನ ಊರಲ್ಲಿ ಇಟ್ಟುಕೊಳ್ಳುವ ಧೈರ್ಯ ಔಂಧದಂಥ ಸಣ್ಣ ಊರಿಗಿತ್ತು.

ಸಂಸ್ಥಾನಗಳು ವಿಲೀನವಾದವು, ಆಸ್ಥಾನಗಳು ಹೋದವು. ಆಗ ಏನಾಯಿತೆಂದು ನೋಡಿದರೆ ನನಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಶಾಹೂ ಮಹಾರಾಜರು ಕುಸ್ತಿಗೂ ಆಶ್ರಯ ಕೊಟ್ಟಿದ್ದರು. ರಾಜರು ಹೋದರೂ ಕುಸ್ತಿ ಸಾಯಲಿಲ್ಲ. ಯಾಕೆಂದರೆ ಜಾತ್ರೆ ಅದನ್ನು ಕೈಹಿಡಿಯಿತು. ಇವತ್ತಿಗೂ ಈ ಭಾಗದ ಜಾತ್ರೆಯೆಂದರೆ ಜಂಗಿ ನಿಕಾಲಿ ಕುಸ್ತಿ ಇರಲೇಬೇಕು. ಊರ ಹಿರಿಯರು ಪಟ್ಟಿ ಎತ್ತುತ್ತಾರೆ, ಜೋಡಿ ಕೂಡಿಸುತ್ತಾರೆ, ಇನಾಮು ಇಷ್ಟೆಂದು ಮೊದಲೇ ಸಾರುತ್ತಾರೆ. ಪೈಲ್ವಾನನಿಗೆ ದುಡ್ಡು ಕೊಡುವುದರಲ್ಲಿ ಯಾರಿಗೂ ಸಂಕೋಚವಿಲ್ಲ. ಅದು ದಾನವಲ್ಲ, ಅವನ ಹಕ್ಕಿನ ಹಣ. ಭಜನಾ ಮೇಳಕ್ಕೂ ಪಾರಿಜಾತದ ಆಟಕ್ಕೂ ಇಷ್ಟು ವೀಳ್ಯವೆಂದು ಗೊತ್ತು ಮಾಡುವುದುಂಟು. ಚಿತ್ರವೊಂದೇ ಅರಮನೆಯಿಂದ ಹೊರಬಿದ್ದ ಮೇಲೆ ಜಾತ್ರೆಯ ಬಯಲಿಗೆ ಬರದೆ ಉಳಿಯಿತು. ಅದನ್ನು ನಾವು ಶಾಲೆಯ ಗೋಡೆಗೂ ಕಲಾವಿದನನ್ನು ಸನ್ಮಾನದ ವೇದಿಕೆಗೂ ಸೇರಿಸಿಬಿಟ್ಟೆವು. ಶಾಲು, ಹಾರ, ಹಣ್ಣಿನ ಬುಟ್ಟಿ, ನಾಲ್ಕು ಒಳ್ಳೆಯ ಮಾತು. ಮನೆಗೆ ಮರಳಿದ ಕಲಾವಿದನಿಗೆ ಬಣ್ಣದ ಟ್ಯೂಬು ಕೊಳ್ಳಲು ಆ ಶಾಲು ಬರುವುದಿಲ್ಲ.

ಈ ಐದು ತಾಲೂಕುಗಳಿಗೆ ಹೊರಗಿನ ಕಣ್ಣು ಬಿದ್ದಿಲ್ಲವೆಂದಲ್ಲ. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು ಮಾಲೀಕರ ಎದುರು ನಿಂತ ದಿನಗಳಲ್ಲಿ 'ಯುಗಾಂತರ' ಎಂಬ ಚಿತ್ರತಂಡ ಇಲ್ಲಿಗೆ ಬಂತು. ದೀಪಾ ಧನರಾಜ್, ಅಭಾ ಭಯ್ಯಾ, ಮೀರಾ ರಾವ್, ನವರೋಜ್ ಕಾಂಟ್ರಾಕ್ಟರ್ ಆ ತಂಡದಲ್ಲಿದ್ದರು. ಅವರು ಆ ಹೆಣ್ಣುಮಕ್ಕಳ ಜತೆ ತಿಂಗಳುಗಟ್ಟಲೆ ಇದ್ದು, ಅವರ ಮಾತು ಕೇಳಿ, ಅವರೊಂದಿಗೇ ಕೂತು ಕತೆ ಹೆಣೆದರು. 1982ರಲ್ಲಿ 'ತಂಬಾಕೂ ಚಾಕಿಲಾ ಊಬ್ ಆಲಿ' ಎಂಬ ಮರಾಠಿ ಸಾಕ್ಷ್ಯಚಿತ್ರ ಸಿದ್ಧವಾಯಿತು. ತಂಬಾಕಿನ ಘಾಟು ತುಂಬಿದ ಆ ಗೋದಾಮುಗಳನ್ನು ಒಳಗಿನಿಂದ ತೋರಿಸಿದ ಚಿತ್ರವದು. ಮುಂದೆ ಬರ್ಲಿನ್ನಿನ ಆರ್ಸೆನಾಲ್ ಸಂಸ್ಥೆಯ ನೆರವಿನಿಂದ ಅದರ ಜೀರ್ಣೋದ್ಧಾರವಾಗಿ, ಇವತ್ತು ಜಗತ್ತಿನ ಕಲಾಸಕ್ತರು ಅದನ್ನು ನೋಡುತ್ತಾರೆ. ನಿಪ್ಪಾಣಿಯ ಹೆಣ್ಣುಮಕ್ಕಳ ಮುಖಗಳು ಬರ್ಲಿನ್ನಿನ ಕಲಾವಲಯದಲ್ಲಿ ಪರಿಚಿತ. ಆ ಹೆಣ್ಣುಮಕ್ಕಳ ಮೊಮ್ಮಕ್ಕಳು ಅದನ್ನು ತಮ್ಮೂರಲ್ಲೇ ದೊಡ್ಡ ಪರದೆಯ ಮೇಲೆ ನೋಡುವಂತಾಗಬೇಕು.

ಅಥಣಿಯ ಚಪ್ಪಲಿ ಇನ್ನೊಂದು ಪಾಠ. ಅಥಣಿ, ಮದಭಾವಿ, ನಿಪ್ಪಾಣಿಯ ಮನೆಮನೆಗಳಲ್ಲಿ ಕೈಯಿಂದ ಹೊಲಿದ ಚಪ್ಪಲಿ ತಲೆಮಾರುಗಳಿಂದ ಕೊಲ್ಹಾಪುರಿ ಎಂಬ ಹೆಸರಲ್ಲೇ ಮಾರಾಟವಾಗುತ್ತಿದೆ. ಪೇಟೆ ಆ ಊರಿನದಾದ್ದರಿಂದ ಹೆಸರೂ ಆ ಊರಿನದಾಯಿತು. ತೊಂಬತ್ತರ ದಶಕದ ಕೊನೆಗೆ ಅಥಣಿಯ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳು 'ಟೋಹೋಲ್ಡ್' ಹೆಸರಿನಲ್ಲಿ ಒಂದಾಗಿ ಹೊರದೇಶದ ಗಿರಾಕಿಗಳನ್ನು ನೇರವಾಗಿ ಹುಡುಕಿಕೊಂಡವು. 2019ರಲ್ಲಿ ಪ್ರಕಟವಾದ ಜಿಐ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ವೇದಿಕೆಯಲ್ಲಿ ಇಂಥದೇ ಚಪ್ಪಲಿ ಮೆರೆಸಿದಾಗ ಇದರ ಮೂಲ ಹೇಳಲಿಲ್ಲವೆಂದು ಗದ್ದಲ ಎದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳೊಂದಿಗೆ ಕೂಡಿ ಇಲ್ಲಿಯೇ ಎರಡು ಸಾವಿರ ಜೋಡಿ ಮಾಡಿಸುವುದಾಗಿ ಕಂಪನಿ ಹೇಳಿತು. ಕುಶಲಕರ್ಮಿಗಳಿಗೆ ಕೆಲಸ ಸಿಕ್ಕರೆ ಒಳ್ಳೆಯದೇ. ಆದರೆ ಮಿಲಾನಿನಲ್ಲಿ ಬೆಲೆ ಬಂದ ಮೇಲಷ್ಟೇ ನಮ್ಮ ಕೈಕೆಲಸದ ಕಡೆ ನಾವು ಕತ್ತೆತ್ತಿ ನೋಡುವುದಾದರೆ ಅದು ನೋಯುವ ಮಾತು.

ಹಾಗಾದರೆ ಊರಿನ ಗಿರಾಕಿಯನ್ನು ಹುಟ್ಟಿಸುವುದು ಹೇಗೆ? ಕರ್ನಾಟಕದಲ್ಲಿ ಇದಕ್ಕೆ ಕೊಟ್ಟ ಗಟ್ಟಿ ಉತ್ತರವೆಂದರೆ ಬೆಂಗಳೂರಿನ ಚಿತ್ರಸಂತೆ. 1960ರಲ್ಲಿ ಎಂ.ಎಸ್. ನಂಜುಂಡರಾವ್, ಎಂ. ಆರ್ಯಮೂರ್ತಿ ಮುಂದೆ ನಿಂತು ಕಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತು ವರ್ಷಕ್ಕೊಂದು ದಿನ, ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರಗಳಲ್ಲಿ, ಕುಮಾರಕೃಪಾ ರಸ್ತೆಯನ್ನೇ ಪ್ರದರ್ಶನ ಮಂದಿರ ಮಾಡಿಬಿಡುತ್ತದೆ. ಇಪ್ಪತ್ತಕ್ಕೂ ಹೆಚ್ಚು ಸಂತೆಗಳಾದವು. ಈಚಿನ ಸಂತೆಗಳಲ್ಲಿ ಸಾವಿರದೈನೂರರ ಆಸುಪಾಸು ಕಲಾವಿದರು ಕೂರುತ್ತಾರೆ. ಟಿಕೆಟ್ಟಿಲ್ಲ, ಗಾಜಿನ ಬಾಗಿಲಿಲ್ಲ, ಒಳಗೆ ಹೋಗಲೋ ಬೇಡವೋ ಎಂಬ ಅಳುಕಿಲ್ಲ. ನೂರಿನ್ನೂರು ರೂಪಾಯಿಯ ರೇಖಾಚಿತ್ರದಿಂದ ಲಕ್ಷದ ಕ್ಯಾನ್ವಾಸಿನವರೆಗೆ ಎಲ್ಲವೂ ಫುಟ್‌ಪಾತಿನ ಮೇಲಿರುತ್ತವೆ. ಬರೆದವರೇ ಪಕ್ಕದಲ್ಲಿ ನಿಂತು ಮಾತಾಡುತ್ತಾರೆ, ಚೌಕಾಸಿಯೂ ನಡೆಯುತ್ತದೆ. ಮನೆಗೊಂದು ಕಲಾಕೃತಿ ಎಂಬುದು ಅದರ ಘೋಷಣೆ. ತರಕಾರಿ ಚೀಲ ಹಿಡಿದು ಬಂದ ಸಂಸಾರವೊಂದು ಕಾಗದ ಸುತ್ತಿದ ಜಲವರ್ಣವನ್ನು ಕಂಕುಳಲ್ಲಿಟ್ಟುಕೊಂಡು ಹೋಗುವುದು ಅಲ್ಲಿ ಅಪರೂಪವಲ್ಲ. ಗುಣಮಟ್ಟ ಏರುಪೇರು, ಅಲಂಕಾರದ ಚಿತ್ರಗಳೇ ಹೆಚ್ಚು ಎಂಬ ದೂರು ನ್ಯಾಯವಾದದ್ದೇ. ಆದರೂ ಮೊದಲ ಚಿತ್ರ ಕೊಂಡವನೇ ಎರಡನೆಯದನ್ನು ಎಚ್ಚರದಿಂದ ಆರಿಸುವವನು.

ನಮ್ಮ ಭಾಗದ ಜನಕ್ಕೆ ಹತ್ತಿರದ ಮಾದರಿಗಳೂ ಇವೆ. ನಿಪ್ಪಾಣಿ-ಕೊಲ್ಹಾಪುರ ಹೆದ್ದಾರಿಯ ಬದಿಯ ಕನೇರಿಯಲ್ಲಿ ಕಾಡಸಿದ್ಧೇಶ್ವರ ಮಠ ಕಟ್ಟಿಸಿರುವ ಸಿದ್ಧಗಿರಿ ಗ್ರಾಮಜೀವನ ಸಂಗ್ರಹಾಲಯಕ್ಕೆ ಚಿಕ್ಕೋಡಿ ಕಡೆಯ ಶಾಲಾಮಕ್ಕಳು ಸಾಲುಸಾಲಾಗಿ ಹೋಗುತ್ತಾರೆ. ಬಿತ್ತುವ ರೈತ, ಬಡಿಗ, ಕುಂಬಾರ, ನೀರು ಸೇದುವ ಹೆಂಗಸು, ಎಲ್ಲರೂ ಜೀವಂತ ನಿಂತಂಥ ಸಿಮೆಂಟ್ ಶಿಲ್ಪಗಳು ಅಲ್ಲಿವೆ. ಅದೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಬಂದರೆ ಶಿಗ್ಗಾಂವಿ ಬಳಿಯ ಗೋಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕೈಯಲ್ಲಿ ಅರಳಿದ ಉತ್ಸವ ರಾಕ್ ಗಾರ್ಡನ್ ಇದೆ. ಮಠವೊಂದು, ಖಾಸಗಿ ಕುಟುಂಬವೊಂದು ಕಲೆಯ ಮೇಲೆ ಹಣ ಹೂಡಿದರೆ ಜನ ಟಿಕೆಟ್ ಕೊಟ್ಟು ನೋಡುತ್ತಾರೆಂಬುದಕ್ಕೆ ಇವೆರಡೂ ಸಾಕ್ಷಿ. ಇವು ಹಳೆಯ ಹಳ್ಳಿಯ ನೆನಪನ್ನು ಕಾಪಾಡುತ್ತವೆ. ಇವತ್ತಿನ ಹಳ್ಳಿಯ ಮೇಲೆ ಇವತ್ತಿನ ಕಲಾವಿದ ಏನು ಹೇಳುತ್ತಾನೆ ಎಂಬುದಕ್ಕೆ ಬೇರೆ ಜಾಗ ಬೇಕು. ಕೃಷ್ಣೆಯ ಮಹಾಪೂರದಲ್ಲಿ ಮುಳುಗಿದ ಮನೆಗಳು, ಕಬ್ಬಿನ ಗ್ಯಾಂಗಿನವರ ಗುಡಿಸಲು, ಎರಡು ಭಾಷೆ ಒಂದೇ ಅಂಗಳದಲ್ಲಿ ಆಡುವ ಗಡಿ ಬದುಕು, ಇವನ್ನೆಲ್ಲ ಚಿತ್ರವಾಗಿಸುವವರು ಇಲ್ಲಿಯೇ ಹುಟ್ಟಿದವರಾಗಬೇಕು.

ಅದಕ್ಕೇ ಐದು ತಾಲೂಕಿಗೆ ಸೇರಿ ವರ್ಷಕ್ಕೊಂದು ಕಲಾ ಪ್ರದರ್ಶನ ನಡೆಯಲಿ ಎನ್ನುತ್ತೇನೆ. ಒಂದು ವರ್ಷ ಚಿಕ್ಕೋಡಿ, ಮರುವರ್ಷ ಅಥಣಿ, ಹೀಗೆ ಸರದಿ ಇರಲಿ. ಹವಾನಿಯಂತ್ರಿತ ಸಭಾಂಗಣಕ್ಕೆ ಕಾಯುವುದು ಬೇಡ. ಕಾಲೇಜಿನ ವರಾಂಡ, ಎಪಿಎಂಸಿ ಆವರಣದ ಖಾಲಿ ಗೋದಾಮು, ಮಠದ ದಾಸೋಹ ಭವನ ಸಾಕು. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಎರಡೂ ರಾಜ್ಯದ ಜನ ಸೇರುತ್ತಾರೆ, ಅದರ ಆಚೀಚೆ ಹೊಂದಿಸಿದರೆ ನೋಡುವವರಿಗೆ ಕೊರತೆಯಾಗದು. ಕನ್ನಡ, ಮರಾಠಿ ಎರಡರಲ್ಲೂ ಪರಿಚಯದ ಚೀಟಿ ಇರಲಿ. ಆರಿಸುವವರಲ್ಲಿ ಹೊರಗಿನ ಹಿರಿಯ ಕಲಾವಿದರೂ ಇರಲಿ, ಇಲ್ಲದಿದ್ದರೆ ಪರಿಚಯದವರ ಪ್ರದರ್ಶನವಾಗುತ್ತದೆ. ಪ್ರತಿ ಚಿತ್ರದ ಪಕ್ಕ ಬೆಲೆ ಬರೆದಿರಲೇಬೇಕು. ಬೆಲೆ ಕೇಳಲು ನಾಚುವ ಜನ ನಾವು, ನೋಡಿ ತಿರುಗಿಬಿಡುತ್ತೇವೆ.

ಉದ್ಘಾಟನೆಗೆ ಮೊದಲೇ ಕೊಳ್ಳುವವರು ಗೊತ್ತಾಗಬೇಕು. ಕುಸ್ತಿಗೆ ಇನಾಮು ಸಾರಿದಂತೆ ಇಂಥ ಸಕ್ಕರೆ ಕಾರ್ಖಾನೆ ಮೂರು ಚಿತ್ರ, ಇಂಥ ಪತ್ತಿನ ಸಂಘ ಎರಡು, ಇಂಥ ಆಸ್ಪತ್ರೆ ನಾಲ್ಕು ಎಂದು ಮುಂಚಿತವಾಗಿ ಹೇಳಿಸಬೇಕು. ಫ್ರಾನ್ಸಿನಲ್ಲಿ 1951ರಿಂದ ಶಾಲಾ ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ಪಾಲು ಜೀವಂತ ಕಲಾವಿದರ ಕೆಲಸಕ್ಕೆ ಮೀಸಲು. ಇಲ್ಲಿ ಸರ್ಕಾರದ ಆದೇಶಕ್ಕೂ ಕಾಯಬೇಕಿಲ್ಲ. ಹೊಸ ಶಾಖೆ ತೆರೆಯುವ ಸಹಕಾರಿ ಬ್ಯಾಂಕು ಗ್ರಾನೈಟು, ಗಾಜು, ಹೂವಿನ ಕಮಾನಿಗೆ ಸುರಿಯುವುದರಲ್ಲಿ ಒಂದಂಶ ಸಾಕು, ಕ್ಯಾಲೆಂಡರಿನ ಜಲಪಾತದ ಬದಲು ರಾಯಬಾಗದ ಯಾರೋ ಬರೆದ ಹೊಲವೊಂದು ಕೌಂಟರಿನ ಹಿಂದೆ ತೂಗುತ್ತದೆ. ಸಾಲದ ಅರ್ಜಿ ಹಿಡಿದು ಸರದಿಯಲ್ಲಿ ನಿಂತ ರೈತ ಅದನ್ನು ದಿನಾ ನೋಡುತ್ತಾನೆ. ಬಾವಿ ಹೀಗಿರುವುದಿಲ್ಲ, ಮೋಟಾರು ಮನೆ ಆ ಕಡೆಗಿರಬೇಕು ಎಂದು ತಪ್ಪು ಹುಡುಕುತ್ತಾನೆ. ಬರೆದವರಾರು ಎಂದು ಮ್ಯಾನೇಜರನ್ನು ಕೇಳುತ್ತಾನೆ.